ಲ್ಯಾಪ್‌ಟಾಪ್ ನಿಧಾನವಾದಾಗ, ಪರದೆ ಕೈಕೊಟ್ಟಾಗ: ಬಿಚ್ಚುವ ಮೊದಲು ದೋಷ ಹುಡುಕುವ ದಾರಿ

ಲ್ಯಾಪ್‌ಟಾಪ್ ನಿಧಾನವಾಗಿದೆ ಎಂಬುದು ದೂರು, ಅದಿನ್ನೂ ದೋಷದ ಹೆಸರಲ್ಲ. ಬಿಸಿ ಏರಿದರೂ ಯಂತ್ರ ನಿಧಾನವಾಗುತ್ತದೆ, ಚಾರ್ಜರ್ ಸಾಲದಿದ್ದರೂ ನಿಧಾನವಾಗುತ್ತದೆ. ಮೆಮೊರಿ ತುಂಬಿದರೂ, ಹಾರ್ಡ್ ಡಿಸ್ಕ್ ಸವೆದರೂ ಅದೇ ಪಾಡು. ಹೊರಗಿನಿಂದ ನೋಡುವವರಿಗೆ ನಾಲ್ಕೂ ಒಂದೇ ತರಹ ಕಾಣುತ್ತವೆ. ಹಾಗಾಗಿ ಜನ ಮೊದಲು ವಿಂಡೋಸ್ ಫಾರ್ಮ್ಯಾಟ್ ಮಾಡಿಸುತ್ತಾರೆ, ಸರಿಹೋಗದಿದ್ದರೆ ರ‍್ಯಾಮ್ ಹಾಕಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಹೊಸದನ್ನೇ ಕೊಳ್ಳುತ್ತಾರೆ. ಖರ್ಚಾದದ್ದು ಎಲ್ಲಿಗೆ ಹೋಯಿತೆಂದು ಕೊನೆಗೂ ತಿಳಿಯುವುದಿಲ್ಲ. ಪರದೆಯ ದೂರುಗಳೂ ಹಾಗೆಯೇ. ಮಿನುಗುವ ಪರದೆ ಎಂದರೆ ಪ್ಯಾನೆಲ್ ಹೋಗಿದೆ ಎಂದೇ ಹೆಚ್ಚಿನವರ ತೀರ್ಮಾನ. ಆದರೆ ಒಂದು ಟಿಕ್ ಗುರುತು ತೆಗೆದರೆ ನಿಲ್ಲುವ ಮಿನುಗಾಟವೂ ಇದೆ.

ಅದಕ್ಕೇ ನನ್ನದು ಒಂದೇ ಹಠ: ಅಳೆಯದೆ ಯಾವುದನ್ನೂ ಬದಲಿಸಬಾರದು, ಬದಲಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೆಳಗಿನದೆಲ್ಲ ವಿಂಡೋಸ್ 11ಕ್ಕೂ ವಿಂಡೋಸ್ 10ಕ್ಕೂ ಹೊಂದುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಮನೆ, ಅಂಗಡಿ, ಶಾಲೆಗಳಲ್ಲಿ ಅದು ಇನ್ನೂ ಓಡುತ್ತಿದೆ, ಆ ಯಂತ್ರಗಳನ್ನು ಬಿಟ್ಟು ಮಾತಾಡಲಾಗದು.

ಮೊದಲು ರೀಸ್ಟಾರ್ಟ್

ಷಟ್ ಡೌನ್ ಮಾಡಿ ಮತ್ತೆ ಆನ್ ಮಾಡುವುದು ಮತ್ತು ರೀಸ್ಟಾರ್ಟ್ ಮಾಡುವುದು ಎರಡೂ ಒಂದೇ ಅಲ್ಲ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ, ಷಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಳಭಾಗ ಮತ್ತು ಡ್ರೈವರ್‌ಗಳ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳ) ಸ್ಥಿತಿ ಡಿಸ್ಕಿನಲ್ಲಿ ಉಳಿದುಕೊಂಡು, ಮರುದಿನ ಅಲ್ಲಿಂದಲೇ ಎದ್ದುಬರುತ್ತದೆ. ದಿನವೂ ರಾತ್ರಿ ಆಫ್ ಮಾಡುತ್ತೇನೆ ಎನ್ನುವವರ ಯಂತ್ರ ವಾರಗಟ್ಟಲೆ ನಿಜವಾಗಿ ಹೊಸದಾಗಿ ಶುರುವಾಗಿರುವುದೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ‘ಪರ್ಫಾರ್ಮೆನ್ಸ್’ಗೆ ಹೋಗಿ ಸಿಪಿಯು ಪುಟದಲ್ಲಿ ‘ಅಪ್ ಟೈಮ್’ ನೋಡಿ. ದಿನಗಳ ಲೆಕ್ಕ ದೊಡ್ಡದಿದ್ದರೆ ಸ್ಟಾರ್ಟ್ ಮೆನುವಿನಿಂದ ರೀಸ್ಟಾರ್ಟ್ ಮಾಡಿ. ದೂರು ಅಲ್ಲಿಗೇ ಮುಗಿಯುವುದೂ ಉಂಟು.

ಮುಗಿಯದಿದ್ದರೆ ಅದೇ ಪುಟದಲ್ಲಿ ಮುಂದುವರಿಯಿರಿ. ಎಲ್ಲರೂ ನೋಡುವುದು ಶೇಕಡಾವಾರು ಬಳಕೆಯನ್ನು. ನಾನು ಮೊದಲು ನೋಡುವುದು ಅದರ ಪಕ್ಕದ ‘ಸ್ಪೀಡ್’ ಎಂಬ ಗಿಗಾಹರ್ಟ್ಸ್ ಅಂಕಿಯನ್ನು.

ವೇಗದ ಅಂಕಿ ಏನು ಹೇಳುತ್ತದೆ

ಪ್ರತಿ ಪ್ರೊಸೆಸರ್‌ಗೂ ಒಂದು ಮೂಲ ವೇಗವಿದೆ, ಹೆಚ್ಚಿನವಕ್ಕೆ ಅದರ ಮೇಲೆ ಸ್ವಲ್ಪ ಹೊತ್ತು ಮುಟ್ಟಬಲ್ಲ ಗರಿಷ್ಠ ವೇಗವೂ ಇದೆ. ಉದಾಹರಣೆಗೆ 2017ರಲ್ಲಿ ಬಂದು ಇಂದಿಗೂ ಅನೇಕ ಮನೆಗಳಲ್ಲಿ ದುಡಿಯುತ್ತಿರುವ ಇಂಟೆಲ್ ಕೋರ್ ಐ5-8250ಯು ಚಿಪ್‌ನ ಮೂಲ ವೇಗ 1.6 ಗಿಗಾಹರ್ಟ್ಸ್, ಗರಿಷ್ಠ 3.4. ಏನಾದರೂ ಕೆಲಸ ಕೊಟ್ಟಾಗ, ಅಂದರೆ ದೊಡ್ಡ ಫೋಲ್ಡರ್ ಒಂದನ್ನು ಜಿಪ್ ಮಾಡಲು ಹಚ್ಚಿದಾಗ, ಅಂಕಿ ಮೂಲ ವೇಗಕ್ಕಿಂತ ಮೇಲೆ ಹೋಗಬೇಕು. ಹೋದರೆ ಪ್ರೊಸೆಸರ್ ಆರೋಗ್ಯವಾಗಿದೆ, ತೊಂದರೆ ಬೇರೆಡೆ ಇದೆ. ಹೋಗದಿದ್ದರೆ ಯಾರೋ ಅದರ ಕೈ ಹಿಡಿದು ನಿಲ್ಲಿಸಿದ್ದಾರೆ.

ಅಂಕಿ 0.39 ಅಥವಾ 0.79ರಲ್ಲೇ ಅಂಟಿಕೊಂಡು, ಏನು ಮಾಡಿದರೂ ಅಲುಗದಿದ್ದರೆ ನನಗೆ ಮೊದಲ ಅನುಮಾನ ಚಾರ್ಜರ್ ಮೇಲೆ. ನಮ್ಮ ಬೀದಿಯ ಶಾಲಾ ಶಿಕ್ಷಕಿಯೊಬ್ಬರ ಲ್ಯಾಪ್‌ಟಾಪ್ ಹೀಗೇ ಆಗಿತ್ತು. ವರ್ಡ್ ತೆರೆಯಲು ನಿಮಿಷಗಳೇ ಹಿಡಿಯುತ್ತಿದ್ದವು. ಮದರ್‌ಬೋರ್ಡ್ ಬದಲಿಸಬೇಕೆಂದು ಅಂಗಡಿಯಲ್ಲಿ ಹೇಳಿದ್ದರು.

“ಮೇಡಂ, ಇತ್ತೀಚೆಗೆ ಚಾರ್ಜರ್ ಬದಲಿಸಿದ್ದೀರಾ?”

“ಹೌದು ಸರ್, ಹಳೆಯದರ ವೈರ್ ಕಿತ್ತುಹೋಗಿತ್ತು. ಆದರೆ ಚಾರ್ಜ್ ಚೆನ್ನಾಗಿಯೇ ಆಗುತ್ತಿದೆಯಲ್ಲ?”

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ. ಕೆಲವೇ ಕ್ಷಣದಲ್ಲಿ ಅಂಕಿ 0.79ರಿಂದ ಎರಡೂವರೆಗೆ ಏರಿತು. ಮತ್ತೆ ಚುಚ್ಚಿದರೆ ಮತ್ತೆ ಕುಸಿಯಿತು. ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಯಂತ್ರ ನಿಧಾನವಾಗಿ, ಚಾರ್ಜರ್ ಇದ್ದಾಗ ಚುರುಕಾಗಿ ಓಡಬೇಕು. ಇಲ್ಲಿ ತಿರುಗುಮುರುಗು ಆಗಿದ್ದೇ ಸಾಕ್ಷಿ. ಅಸಲಿ ಚಾರ್ಜರ್ ತರಿಸಿದ ಮೇಲೆ ಆ ಲ್ಯಾಪ್‌ಟಾಪ್‌ಗೆ ಬೇರೆ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ.

ಇದರ ಕಾರಣ ಸರಳ. ಕೆಲವು ಕಂಪನಿಗಳ ದುಂಡು ಪಿನ್ನಿನ ಚಾರ್ಜರ್‌ಗಳಲ್ಲಿ ಪ್ಲಗ್ಗಿನ ನಡುವೆ ಸೂಜಿಯಂಥ ಇನ್ನೊಂದು ಸಣ್ಣ ಪಿನ್ ಇರುತ್ತದೆ. ಅದು ವಿದ್ಯುತ್ ಒಯ್ಯುವುದಕ್ಕಲ್ಲ, ‘ನಾನು ಇಷ್ಟು ವ್ಯಾಟ್‌ನ ಚಾರ್ಜರ್’ ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದಕ್ಕೆ. ಆ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಅಪಾಯ ತೆಗೆದುಕೊಳ್ಳುವುದಿಲ್ಲ, ಪ್ರೊಸೆಸರ್ ವೇಗವನ್ನು ನೆಲಕ್ಕಿಳಿಸುತ್ತದೆ. ನಕಲಿ ಚಾರ್ಜರ್‌ಗಳಲ್ಲಿ ಮಾತ್ರವಲ್ಲ, ಆ ಸಣ್ಣ ಪಿನ್ ಬಾಗಿದ ಅಸಲಿ ಚಾರ್ಜರ್‌ನಲ್ಲೂ ಇದು ಆಗುತ್ತದೆ. ಪ್ಲಗ್ಗನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್ ಪರದೆಯಲ್ಲಿ, ‘ಅಡಾಪ್ಟರ್ ಟೈಪ್’ ಎದುರು ಏನಿದೆಯೆಂದೂ ನೋಡಿ. ಚಾರ್ಜರ್ ಚುಚ್ಚಿದಾಗಲೂ ಅಲ್ಲಿ ‘ಅನ್‌ನೋನ್’ ಎಂದಿದ್ದರೆ ಅಪರಾಧಿ ಸಿಕ್ಕಂತೆ.

ಯುಎಸ್‌ಬಿ-ಸಿ ಚಾರ್ಜರ್‌ಗಳಲ್ಲಿ ಈ ಮಾತುಕತೆ ಬೇರೆ ರೀತಿ ನಡೆಯುತ್ತದೆ. 20 ವೋಲ್ಟ್, 3 ಆಂಪಿಯರ್ ಅಂದರೆ 60 ವ್ಯಾಟ್. 100 ವ್ಯಾಟ್ ಬೇಕಾದರೆ 5 ಆಂಪಿಯರ್ ಹರಿಯಬೇಕು, ಅದಕ್ಕೆ ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. 100 ವ್ಯಾಟ್‌ನ ಚಾರ್ಜರ್ ಕೊಂಡು, ಮೊಬೈಲ್‌ನ ಜೊತೆ ಬಂದ ಕೇಬಲ್ ಹಾಕಿದರೆ 60ಕ್ಕಿಂತ ಮೇಲೆ ಬರುವುದಿಲ್ಲ. ಚಾರ್ಜರ್ ಅಡಿಯ ಸಣ್ಣ ಅಕ್ಷರಗಳನ್ನು ಓದಿ, ಲ್ಯಾಪ್‌ಟಾಪ್‌ನ ಜೊತೆ ಬಂದ ಚಾರ್ಜರ್ ಎಷ್ಟು ವ್ಯಾಟ್‌ನದೆಂದು ಹೋಲಿಸಿ.

ಚಾರ್ಜರ್ ಸರಿಯಿದ್ದು, ಅಂಕಿ ಮೂಲ ವೇಗದ ಆಸುಪಾಸಿನಲ್ಲೇ ನಿಂತರೆ ಸೆಟ್ಟಿಂಗ್ಸ್ ನೋಡಬೇಕು. ವಿಂಡೋಸ್ 11ರಲ್ಲಿ ಸಿಸ್ಟಮ್ ಒಳಗಿನ ‘ಪವರ್ ಅಂಡ್ ಬ್ಯಾಟರಿ’ಯಲ್ಲಿ ಪವರ್ ಮೋಡ್ ಯಾವುದಿದೆ? ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ ಇದ್ದರೆ ‘ಬ್ಯಾಲೆನ್ಸ್ಡ್’ ಮಾಡಿ. ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬುದೊಂದಿದೆ. ಬಿಸಿ ಕಡಿಮೆ ಮಾಡಲೆಂದು ಯಾರೋ ಅದನ್ನು 99ಕ್ಕೆ ಇಳಿಸಿರುತ್ತಾರೆ. ಶೇಕಡಾ ಒಂದೇ ತಾನೇ ಎನಿಸಬಹುದು, ಆದರೆ 99 ಎಂದರೆ ಮೂಲ ವೇಗದ ಮೇಲಿನ ಟರ್ಬೊ ಪೂರ್ತಿ ಬಂದ್. ಅದು 100 ಇರಲಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆಯೇ ಕಾಣದಿರಬಹುದು, ಹುಡುಕಿ ದಣಿಯಬೇಡಿ. ತಯಾರಕರದೇ ಆ್ಯಪ್‌ನಲ್ಲಿ ‘ಕ್ವಯಟ್’, ‘ಕೂಲ್’ ಎಂಬ ಮೋಡ್ ಇದ್ದರೆ ಅದೂ ಇದೇ ಕೆಲಸ ಮಾಡುತ್ತದೆ.

ಬ್ಯಾಟರಿಯ ಸ್ಥಿತಿ ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಸೇರಿಸಿ ಎಂಟರ್ ಒತ್ತಿ. ವರದಿಯ ಕಡತ ಎಲ್ಲಿ ಉಳಿದಿದೆಯೆಂದು ಅದೇ ತೋರಿಸುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎರಡನ್ನೂ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿಯ ಆಯಸ್ಸು ತೀರುತ್ತ ಬಂದಿದೆ. ಬ್ಯಾಟರಿ ಪೂರ್ತಿ ಸತ್ತಾಗ ಚಾರ್ಜರ್ ಮೇಲೆ ಮಾತ್ರ ಓಡುವ ಕೆಲವು ಲ್ಯಾಪ್‌ಟಾಪ್‌ಗಳು ಎಚ್ಚರಿಕೆಗಾಗಿ ವೇಗ ಇಳಿಸುತ್ತವೆ. ಇದೆಲ್ಲಕ್ಕಿಂತ ಮುಖ್ಯವಾದದ್ದು: ಟಚ್‌ಪ್ಯಾಡ್ ಉಬ್ಬಿದ್ದರೆ, ಒತ್ತಿದಾಗ ಕ್ಲಿಕ್ ಆಗದಿದ್ದರೆ, ಕೆಳಗಿನ ಮುಚ್ಚಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಆ ಕ್ಷಣವೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ. ಅದಕ್ಕೆ ಬೆಂಕಿ ಹತ್ತಬಹುದು.

ಬಿಸಿಯನ್ನು ಅಳೆಯುವುದು

ಕೈಯಿಟ್ಟು ನೋಡಿ ಬಿಸಿ ಹೇಳುವುದು ನಂಬಲಾಗದ ಕೆಲಸ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಸೆನ್ಸರ್‌ಗಳ ಪಟ್ಟಿ ತೆರೆಯಿರಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್‌ನ ವೇಗದ ಅಂಕಿ ಇರಲಿ. ಸಿಪಿಯು-ಝಡ್ ಎಂಬ ಇನ್ನೊಂದು ಉಚಿತ ತಂತ್ರಾಂಶದ ‘ಸ್ಟ್ರೆಸ್ ಸಿಪಿಯು’ ಗುಂಡಿ ಒತ್ತಿ ಹತ್ತು ನಿಮಿಷ ನೋಡುತ್ತಿರಿ.

ಮೊದಲ ಅರ್ಧ ನಿಮಿಷ ವೇಗ ಮೇಲೇರಿ, ಆಮೇಲೆ ಮೂಲ ವೇಗಕ್ಕಿಂತ ತುಸು ಮೇಲೆ ನಿಂತು, ಉಷ್ಣತೆ 70–80 ಡಿಗ್ರಿಯಲ್ಲಿದ್ದರೆ ಅದು ದೋಷವಲ್ಲ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಅಲ್ಪಾವಧಿಗೊಂದು, ದೀರ್ಘಾವಧಿಗೊಂದು ವಿದ್ಯುತ್ ಮಿತಿ ಇರುತ್ತದೆ. ಮೇಲೆ ಹೇಳಿದ 8250ಯು 15 ವ್ಯಾಟ್‌ನ ಚಿಪ್, ಗಂಟೆಗಟ್ಟಲೆ 3.4ರಲ್ಲಿ ಓಡಲೆಂದು ಅದನ್ನು ಮಾಡಿಲ್ಲ. ಆದರೆ ಉಷ್ಣತೆ 95 ದಾಟಿ 100ರ ಬಳಿ ಹೋಗಿ, ಎಚ್‌ಡಬ್ಲ್ಯುಇನ್ಫೋದಲ್ಲಿ ‘ಥರ್ಮಲ್ ಥ್ರಾಟ್ಲಿಂಗ್’ ಎದುರು ‘ಯೆಸ್’ ಕಾಣಿಸಿ, ವೇಗ ಮೂಲ ವೇಗಕ್ಕಿಂತಲೂ ಕೆಳಗಿಳಿದರೆ ಅದು ತಣಿಸುವ ವ್ಯವಸ್ಥೆಯ ಸೋಲು. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದೊಡನೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ.

ಅಳೆಯುವಾಗ ಕೋಣೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫ್ಯಾನ್ ಎಷ್ಟೇ ತಿರುಗಿದರೂ ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ 82 ತೋರಿಸುವ ಅದೇ ಯಂತ್ರ ಅಲ್ಲಿ ಮಿತಿಗೆ ತಾಗಿಬಿಡುತ್ತದೆ. ಬೇಸಿಗೆಯಲ್ಲಿ ಮಾತ್ರ ನಿಧಾನ ಎನ್ನುವ ದೂರು ಬಂದರೆ ಅದನ್ನು ತಳ್ಳಿಹಾಕಬೇಡಿ. ಮೊದಲು ಹಾಸಿಗೆ, ದಿಂಬು, ತೊಡೆಯ ಮೇಲಿನಿಂದ ಎತ್ತಿ ಗಟ್ಟಿ ಮೇಜಿನ ಮೇಲಿಡಿ, ಹಿಂಬದಿಗೆ ಒಂದು ಪುಸ್ತಕ ಕೊಟ್ಟು ಸ್ವಲ್ಪ ಎತ್ತರಿಸಿ. ಗಾಳಿ ಒಳಹೋಗುವ ಕಿಂಡಿಗಳು ಅಡಿಯಲ್ಲೇ ಇರುತ್ತವೆ. ಮತ್ತೆ ಅದೇ ಹತ್ತು ನಿಮಿಷದ ಪರೀಕ್ಷೆ ಮಾಡಿ.

ಅಷ್ಟಕ್ಕೂ ಇಳಿಯದಿದ್ದರೆ ಬಿಚ್ಚಬೇಕು. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಕೆಳಮುಚ್ಚಳ ಬಿಚ್ಚಿದೊಡನೆ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ದೂಳು ಫ್ಯಾನಿನ ರೆಕ್ಕೆಗಳ ಮೇಲೆ ಇರುವುದಕ್ಕಿಂತ, ಫ್ಯಾನಿಗೂ ತಾಮ್ರದ ಹೀಟ್‌ಸಿಂಕ್‌ನ ತೆಳು ಪಟ್ಟಿಗಳಿಗೂ ನಡುವೆ ಕಂಬಳಿಯ ಚೂರಿನಂತೆ ಬೂದುಬಣ್ಣದ ಪದರವಾಗಿ ಕೂತಿರುತ್ತದೆ. ಹೊರಗಿನ ಕಿಂಡಿಯಿಂದ ಬ್ಲೋವರ್ ಊದಿದರೆ ಆ ಪದರ ಹೊರಬರುವುದಿಲ್ಲ, ತುಸು ಸರಿದು ಮತ್ತೆ ಅಲ್ಲೇ ಕೂರುತ್ತದೆ. ಫ್ಯಾನ್ ಬಿಚ್ಚಿ, ಚಿಮುಟದಿಂದ ಎತ್ತಿ ತೆಗೆಯಬೇಕು. ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಎತ್ತಿದರೆ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹೊಸದನ್ನು ಹಚ್ಚಲೇಬೇಕು. ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಕೆತ್ತಿದ್ದರೆ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ, ಒಂದನ್ನೇ ಪೂರ್ತಿ ಬಿಗಿದರೆ ಚಿಪ್‌ನ ಒಂದು ಅಂಚಿಗೆ ಮಾತ್ರ ಒತ್ತಡ ಬೀಳುತ್ತದೆ. ವಾರಂಟಿ ಇರುವ ಲ್ಯಾಪ್‌ಟಾಪ್ ಆದರೆ ಈ ಕೆಲಸ ಸರ್ವಿಸ್ ಸೆಂಟರ್‌ಗೆ ಬಿಡಿ.

ಡಿಸ್ಕ್, ಮೆಮೊರಿ

ವೇಗದ ಅಂಕಿ ಸರಿಯಾಗಿ ಏರುತ್ತಿದೆ, ಬಿಸಿಯೂ ಇಲ್ಲ, ಆದರೂ ಎಲ್ಲವೂ ತೆವಳುತ್ತಿದೆ ಎಂದಾದರೆ ಡಿಸ್ಕ್ ಪುಟಕ್ಕೆ ಬನ್ನಿ. ‘ಆ್ಯಕ್ಟಿವ್ ಟೈಮ್’ ಶೇಕಡಾ 100, ಆದರೆ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಎಂಬ ಚಿತ್ರ ಕಂಡರೆ ಒಳಗಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಎಂದು ಬಹುತೇಕ ಹೇಳಬಹುದು. ಅಂಥ ಡಿಸ್ಕ್ ದೊಡ್ಡ ಕಡತವನ್ನು ಸೆಕೆಂಡಿಗೆ ಸುಮಾರು 100 ಎಂಬಿಯಂತೆ ಓದಬಲ್ಲದು. ಚದುರಿದ ಸಣ್ಣ ಕಡತಗಳನ್ನು ಹುಡುಕಿ ಓದುವಾಗ ಅದರ ತೋಳು ಅತ್ತಿತ್ತ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ. ವಿಂಡೋಸ್ ಮಾಡಿಸುವುದು ಬಹುಪಾಲು ಈ ಎರಡನೆಯ ಕೆಲಸವನ್ನೇ. ಅದರ ಬದಲು ತಿರುಗುವ ಭಾಗಗಳೇ ಇಲ್ಲದ ಸಾಟಾ ಎಸ್‌ಎಸ್‌ಡಿ ಹಾಕಿದರೆ ಕಾಗದದ ಮೇಲೆ ಸೆಕೆಂಡಿಗೆ 550 ಎಂಬಿ, ಅನುಭವದಲ್ಲಿ ಅದಕ್ಕಿಂತ ಬಹಳ ದೊಡ್ಡ ವ್ಯತ್ಯಾಸ. ಹಳೆಯ ಲ್ಯಾಪ್‌ಟಾಪ್‌ಗೆ ಹಾಕಬಹುದಾದ ಹಣದಲ್ಲಿ ಇಷ್ಟು ಫಲ ಕೊಡುವುದು ಬೇರೆ ಯಾವುದೂ ಇಲ್ಲವೆಂದು ಧೈರ್ಯವಾಗಿ ಹೇಳುತ್ತೇನೆ.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆದಾಗ ‘ಕಾಷನ್’ ಎಂದು ಹಳದಿ ಬಣ್ಣದಲ್ಲಿ ಬಂದರೆ ದುರಸ್ತಿಯ ಯೋಚನೆ ಪಕ್ಕಕ್ಕಿಟ್ಟು, ಫೋಟೊ, ಕಡತಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಳ್ಳಿ. ಸಾಯುತ್ತಿರುವ ಡಿಸ್ಕಿನ ಮೇಲೆ ಪರೀಕ್ಷೆಗಳನ್ನು ಓಡಿಸಿದಷ್ಟೂ ಉಳಿದದ್ದೂ ಹೋಗುತ್ತದೆ. ಎಂ.2 ಕಿಂಡಿಗೆ ಎಸ್‌ಎಸ್‌ಡಿ ಕೊಳ್ಳುವವರು ಆ ಕಿಂಡಿ ಸಾಟಾ ಸ್ವೀಕರಿಸುತ್ತದೋ ಎನ್‌ವಿಎಂಇ ಸ್ವೀಕರಿಸುತ್ತದೋ ಎಂದು ಮೊದಲೇ ತಿಳಿದುಕೊಳ್ಳಬೇಕು, ಗಾತ್ರ ಒಂದೇ ಇದ್ದರೂ ಎರಡೂ ಬೇರೆ ಬೇರೆ ಜೋಡಣೆಯವು.

ಮೆಮೊರಿ ಪುಟದಲ್ಲಿ ನಿಮ್ಮ ದಿನದ ಕೆಲಸವೆಲ್ಲ ತೆರೆದಿರುವಾಗ ಬಳಕೆ ಶೇಕಡಾ 85–90 ದಾಟಿದ್ದರೆ ರ‍್ಯಾಮ್ ನಿಜಕ್ಕೂ ಬೇಕು. 60ರಲ್ಲೇ ಇದ್ದರೆ ಇನ್ನಷ್ಟು ಹಾಕಿ ವೇಗ ಬರುವುದಿಲ್ಲ. ಇದಕ್ಕೊಂದು ಅಪವಾದವಿದೆ, ಅದು ಪರದೆಗೂ ಸಂಬಂಧಿಸಿದ್ದು. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಚಿತ್ರ ಬಿಡಿಸುವ ಭಾಗವೂ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ‘ಸ್ಲಾಟ್ಸ್ ಯೂಸ್ಡ್’ ಎದುರು ‘1 ಆಫ್ 2’ ಎಂದಿದ್ದರೆ ಅರ್ಧ ರಸ್ತೆ ಮುಚ್ಚಿದೆ. ಎರಡನೆಯ ಕಿಂಡಿಗೂ ಅದೇ ಬಗೆಯ, ಅದೇ ಗಾತ್ರದ ಪಟ್ಟಿ ಹಾಕಿದರೆ ಮೆಮೊರಿಗೆ ಹೋಗಿಬರುವ ದಾರಿ ಇಮ್ಮಡಿಯಾಗುತ್ತದೆ. ಇಂಟೆಲ್ 11ನೇ ಪೀಳಿಗೆಯ ಐ5, ಐ7 ಯಂತ್ರಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಂದೇ ಪಟ್ಟಿ ಇದ್ದಾಗ ಡಿವೈಸ್ ಮ್ಯಾನೇಜರ್‌ನಲ್ಲಿ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ತೋರಿಸುವ ಅದೇ ಚಿಪ್, ಎರಡು ಪಟ್ಟಿ ಹಾಕಿದ ಮೇಲೆ ‘ಐರಿಸ್ ಎಕ್ಸ್ಇ’ ಎಂದು ತೋರಿಸುತ್ತದೆ. ರ‍್ಯಾಮ್ ಬೋರ್ಡಿಗೇ ಬೆಸೆದಿರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ದಾರಿಯಿಲ್ಲ.

ರ‍್ಯಾಮ್ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್ ಎಂಬ ಹೆಸರಿನ ತಂತ್ರಾಂಶಗಳನ್ನು ದಯವಿಟ್ಟು ಹಾಕಬೇಡಿ. ಹಾಕಿದ್ದರೆ ತೆಗೆಯಿರಿ. ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್‌ನದೇ ಸೆಟ್ಟಿಂಗ್ಸ್ ಸಾಧನದಲ್ಲಿ ‘ನಂಬರ್ ಆಫ್ ಪ್ರೊಸೆಸರ್ಸ್’ ಟಿಕ್ ಮಾಡಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆಯೂ ಸುಳ್ಳು. ಟಿಕ್ ಇಲ್ಲದಾಗಲೇ ವಿಂಡೋಸ್ ಎಲ್ಲವನ್ನೂ ಬಳಸುತ್ತದೆ.

ವಿಡಿಯೊ ಮಾತ್ರ ತಡವರಿಸಿದರೆ

ಬೇರೆಲ್ಲ ಕೆಲಸ ಸರಾಗ, ವಿಡಿಯೊ ಮಾತ್ರ ನಿಂತು ನಿಂತು ಓಡುತ್ತದೆ ಎಂದರೆ ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’ ರೇಖೆಯನ್ನು ನೋಡಿ. ವಿಡಿಯೊ ಓಡುವಾಗಲೂ ಅದು ಸೊನ್ನೆಯಲ್ಲೇ ಮಲಗಿದ್ದು, ಸಿಪಿಯು ಬಳಕೆ ಮೇಲೇರಿದ್ದರೆ, ಗ್ರಾಫಿಕ್ಸ್ ಮಾಡಬೇಕಾದ ಕೆಲಸವನ್ನು ಪ್ರೊಸೆಸರ್ ಹೊತ್ತಿದೆ. ಬ್ರೌಸರ್ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆ್ಯಕ್ಸೆಲರೇಷನ್ ಆಫ್ ಆಗಿರಬಹುದು, ಆನ್ ಮಾಡಿ ಬ್ರೌಸರ್ ಮುಚ್ಚಿ ತೆರೆಯಿರಿ. ಅದು ಆನ್ ಇದ್ದೂ ಹೀಗಾದರೆ ವಿಡಿಯೊ ಎವಿ1 ಎಂಬ ಹೊಸ ಬಗೆಯದಾಗಿರಬಹುದು. ಇಂಟೆಲ್‌ನ 8ನೇ ಪೀಳಿಗೆಯ ಚಿಪ್‌ಗಳಲ್ಲಿ ಅದನ್ನು ಬಿಡಿಸುವ ಯಂತ್ರಾಂಶವಿಲ್ಲ, 11ನೆಯದರಲ್ಲಿ ಇದೆ. ಹಳೆಯ ಯಂತ್ರದವರು ಗುಣಮಟ್ಟವನ್ನು 1080ರಿಂದ 720ಕ್ಕೆ ಇಳಿಸಿದರೆ ಸಮಾಧಾನವಾಗಿ ನೋಡಬಹುದು.

ಪರದೆ: ದೋಷ ಪ್ಯಾನೆಲ್‌ನದೋ, ಡ್ರೈವರ್‌ನದೋ

ಪರದೆಯಲ್ಲಿ ಗೆರೆ, ಮಿನುಗಾಟ, ಬಣ್ಣದ ಕಲೆ ಕಂಡರೆ ಮೊದಲ ಪ್ರಶ್ನೆ ಇದೊಂದೇ. ಉತ್ತರಕ್ಕೆ ಪೈಸೆ ಖರ್ಚಿಲ್ಲ. ಗೆರೆ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ಗೆ ಕಳಿಸಿ ನೋಡಿ. ಮೊಬೈಲ್‌ನಲ್ಲೂ ಗೆರೆ ಕಂಡರೆ ಚಿತ್ರ ಹುಟ್ಟುವಾಗಲೇ ಕೆಟ್ಟಿದೆ, ಅಂದರೆ ಡ್ರೈವರ್ ಅಥವಾ ಗ್ರಾಫಿಕ್ಸ್. ಕಾಣದಿದ್ದರೆ ಚಿತ್ರ ಹುಟ್ಟಿದ ಮೇಲೆ, ಪರದೆಗೆ ಹೋಗುವ ಹಾದಿಯಲ್ಲಿ ಕೆಟ್ಟಿರುವ ಸಂಭವ ಹೆಚ್ಚು. ಮುಂದೆ ಎಚ್‌ಡಿಎಂಐ ಮೂಲಕ ಟಿವಿಗೋ ಮಾನಿಟರ್‌ಗೋ ಜೋಡಿಸಿ, ವಿಂಡೋಸ್ ಕೀಲಿ ಮತ್ತು ‘ಪಿ’ ಒತ್ತಿ ‘ಡೂಪ್ಲಿಕೇಟ್’ ಆರಿಸಿ. ಅಲ್ಲಿ ಸ್ವಚ್ಛವಾಗಿ ಬಂದರೆ ಪ್ಯಾನೆಲ್ ಅಥವಾ ಅದರ ಕೇಬಲ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಆ ಎರಡರಲ್ಲಿ ಯಾವುದು? ಪರದೆಯನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಬಾಗಿಸಿ. ಒಂದು ಕೋನದಲ್ಲಿ ಸರಿ, ಇನ್ನೊಂದರಲ್ಲಿ ಮಿನುಗು ಎಂದರೆ ಹಿಂಜ್ ಬಳಿ ಬಾಗಿ ಬಾಗಿ ದಣಿದ ಕೇಬಲ್. ಅದು ಪ್ಯಾನೆಲ್‌ಗಿಂತ ಬಹಳ ಅಗ್ಗ. ಕೋನ ಬದಲಾದರೂ ಗೆರೆ ಅಲ್ಲೇ ನಿಂತಿದ್ದರೆ ಪ್ಯಾನೆಲ್. ಪರದೆ ಪೂರ್ತಿ ಕತ್ತಲಾಗಿದ್ದು ಯಂತ್ರ ಓಡುತ್ತಿರುವ ಸದ್ದು ಕೇಳಿಸಿದರೆ, ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಎಲ್‌ಸಿಡಿ ಪರದೆಯಲ್ಲಿ ಮಸುಕಾಗಿ ಐಕಾನ್‌ಗಳು ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ.

ಬಯಾಸ್ ಪರದೆಯಲ್ಲಿ ಮಿನುಗಾಟವಿಲ್ಲದೆ ವಿಂಡೋಸ್‌ನಲ್ಲಿ ಮಾತ್ರ ಇದ್ದರೆ ಡ್ರೈವರ್ ಅಥವಾ ಯಾವುದೋ ಆ್ಯಪ್. ಮೈಕ್ರೋಸಾಫ್ಟ್ ಹೇಳುವ ಪರೀಕ್ಷೆ ಇಲ್ಲಿ ಬಹಳ ಉಪಯುಕ್ತ: ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಅದೂ ಮಿನುಗಿದರೆ ಡಿಸ್ಪ್ಲೇ ಡ್ರೈವರ್, ಅದೊಂದು ಬಿಟ್ಟು ಉಳಿದದ್ದು ಮಿನುಗಿದರೆ ಹೊಂದದ ಆ್ಯಪ್. ವಿಂಡೋಸ್, ಕಂಟ್ರೋಲ್, ಶಿಫ್ಟ್, ‘ಬಿ’ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಪ್ರಾರಂಭವಾಗುತ್ತದೆ, ತೆರೆದ ಕೆಲಸ ಹೋಗುವುದಿಲ್ಲ. ಡಿವೈಸ್ ಮ್ಯಾನೇಜರ್‌ನ ಡಿಸ್ಪ್ಲೇ ಅಡಾಪ್ಟರ್ಸ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಜವಾದ ಡ್ರೈವರ್ ಇಲ್ಲವೇ ಇಲ್ಲ. ಬ್ರೈಟ್‌ನೆಸ್ ಜಾರುಪಟ್ಟಿ ಮಾಯವಾಗುವುದಕ್ಕೂ, ರೆಸಲ್ಯೂಷನ್ ಆಯ್ಕೆಗಳು ಕಾಣದಿರುವುದಕ್ಕೂ ಇದೇ ಕಾರಣ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾದರಿಯ ಡ್ರೈವರ್ ಹಾಕಿ. ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ ಅದೇ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಇದೆ.

ಬೆಳಕು ತಾನಾಗಿ ಏರಿಳಿಯುವುದು

ಬಿಳಿ ಪುಟ ತೆರೆದರೆ ಪರದೆ ಮೆಲ್ಲಗೆ ಬೆಳಗುತ್ತದೆ, ಕಪ್ಪು ಚಿತ್ರ ಬಂದರೆ ಮೆಲ್ಲಗೆ ಮಂಕಾಗುತ್ತದೆ. ಪ್ಯಾನೆಲ್ ಕೆಟ್ಟಿಲ್ಲ, ಯಂತ್ರ ಬ್ಯಾಟರಿ ಉಳಿಸುತ್ತಿದೆ. ಚಾರ್ಜರ್ ಚುಚ್ಚಿದಾಗ ನಿಂತರೆ ಇನ್ನೂ ಖಚಿತ. ಇದರ ಗುಂಡಿ ಒಂದೇ ಕಡೆ ಇಲ್ಲದಿರುವುದೇ ಕಷ್ಟ. ವಿಂಡೋಸ್ 11ರ ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಬ್ರೈಟ್‌ನೆಸ್ ಪಕ್ಕದ ಬಾಣ ಒತ್ತಿದರೆ, ಚಿತ್ರಕ್ಕೆ ತಕ್ಕಂತೆ ಬೆಳಕು ಬದಲಿಸುವ ಆಯ್ಕೆ ಸಿಗುತ್ತದೆ. ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರ್‌ನ ಪವರ್ ಪುಟದಲ್ಲಿ ‘ಡಿಸ್ಪ್ಲೇ ಪವರ್ ಸೇವಿಂಗ್ಸ್’ ಇದೆ. ಎಎಂಡಿಯಲ್ಲಿ ಅದರ ಹೆಸರು ‘ವೇರಿ-ಬ್ರೈಟ್’. ಒಂದನ್ನು ಆಫ್ ಮಾಡಿ, ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಅದೇ ಇಂಟೆಲ್ ಪುಟದ ‘ಪ್ಯಾನೆಲ್ ಸೆಲ್ಫ್ ರಿಫ್ರೆಶ್’ ಕೆಲವು ಪ್ಯಾನೆಲ್‌ಗಳಲ್ಲಿ ಕ್ಷಣಮಾತ್ರದ ಮಿನುಗಾಟಕ್ಕೆ ಕಾರಣವಾಗುತ್ತದೆ, ಅದನ್ನೂ ಆಫ್ ಮಾಡಿ ಪರೀಕ್ಷಿಸಬಹುದು. ಫೋಟೊ ತಿದ್ದುವವರು, ಪುಟವಿನ್ಯಾಸ ಮಾಡುವವರು ಇವೆಲ್ಲವನ್ನೂ ಆಫ್ ಮಾಡಿಟ್ಟುಕೊಳ್ಳುವುದೇ ಒಳ್ಳೆಯದು.

ಅಕ್ಷರ ಮಸುಕು, ಬಣ್ಣ ಪೇಲವ

ಅಕ್ಷರ ಸಣ್ಣದೆಂದು ರೆಸಲ್ಯೂಷನ್ ಇಳಿಸುವುದು ಬಹಳ ಕಡೆ ನೋಡುವ ಅಭ್ಯಾಸ, ಅದು ಕನ್ನಡಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ. ಪ್ಯಾನೆಲ್‌ನ ಚುಕ್ಕಿಗಳ ಎಣಿಕೆ ಬದಲಾಗುವುದಿಲ್ಲ. 1920 × 1080ರ ಪ್ಯಾನೆಲ್‌ಗೆ 1366 × 768ರ ಚಿತ್ರ ಕೊಟ್ಟರೆ ಒಂದೊಂದು ಚುಕ್ಕಿಯೂ ಪಕ್ಕದವುಗಳ ಮೇಲೆ ಹರಡಿ ಮಸುಕಾಗುತ್ತದೆ. ಇಂಗ್ಲಿಷ್ ಹೇಗೋ ಓದಬಹುದು. ‘ರಾಷ್ಟ್ರ’ದ ಒತ್ತುಗಳು, ‘ಥ’ ಮತ್ತು ‘ಧ’ ನಡುವಿನ ವ್ಯತ್ಯಾಸ, ‘ಪ’ ಮತ್ತು ‘ಫ’ಗಳನ್ನು ಬೇರೆ ಮಾಡುವ ಸಣ್ಣ ಗೀಟು ಎಲ್ಲ ಕಲಸಿಹೋಗುತ್ತವೆ. ಡಿಸ್ಪ್ಲೇ ರೆಸಲ್ಯೂಷನ್‌ನಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನೇ ಇಟ್ಟು, ಅದರ ಬಳಿಯ ‘ಸ್ಕೇಲ್’ ಅನ್ನು 125 ಅಥವಾ 150ಕ್ಕೆ ಏರಿಸಿ. ಅಕ್ಷರ ದೊಡ್ಡದಾಗುತ್ತದೆ, ಅಂಚೂ ಚೂಪಾಗಿ ಉಳಿಯುತ್ತದೆ.

15.6 ಇಂಚಿನ ಪರದೆಯಲ್ಲಿ 1366 × 768 ಎಂದರೆ ಇಂಚಿಗೆ ಸುಮಾರು 100 ಚುಕ್ಕಿ, 1920 × 1080 ಎಂದರೆ 141. ಮೊದಲನೆಯ ಬಗೆಯ ಹಳೆಯ ಪ್ಯಾನೆಲ್ ಇದ್ದವರು ಸ್ಟಾರ್ಟ್ ಮೆನುವಿನಲ್ಲಿ ‘ಕ್ಲಿಯರ್‌ಟೈಪ್’ ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ಕಣ್ಣಿಗೆ ಹಿತವಾದದ್ದನ್ನು ಆರಿಸುತ್ತ ಹೋಗಿ. ಎಕ್ಸ್‌ಪಿ ಕಾಲದ ‘ತುಂಗಾ’ ಫಾಂಟ್‌ನಲ್ಲಿ ಉಳಿದ ಹಳೆಯ ಕಡತಗಳನ್ನು, ವಿಂಡೋಸ್ 8ರೊಂದಿಗೆ ಬಂದ ‘ನಿರ್ಮಲಾ ಯುಐ’ಗೆ ಬದಲಿಸಿಯೂ ನೋಡಿ. ಒಂದೇ ಆ್ಯಪ್‌ನಲ್ಲಿ ಮಾತ್ರ ಮಸುಕಿದ್ದರೆ ಅದರ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ‘ಹೈ ಡಿಪಿಐ’ ಸೆಟ್ಟಿಂಗ್ ಬದಲಿಸಬೇಕು.

ಬಣ್ಣವೆಲ್ಲ ತೊಳೆದಂತೆ ಪೇಲವವಾಗಿದ್ದರೆ ಮೊದಲು ‘ಎಚ್‌ಡಿಆರ್’ ಆನ್ ಆಗಿದೆಯೇ ನೋಡಿ, ಸಾಮಾನ್ಯ ಪ್ಯಾನೆಲ್‌ನಲ್ಲಿ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸಂಜೆಗೆ ಹಳದಿಯಾದರೆ ‘ನೈಟ್ ಲೈಟ್’. ಟಿವಿಗೆ ಜೋಡಿಸಿದಾಗ ಮಾತ್ರ ಕಪ್ಪು ಬೂದಿಯಾಗಿ ಕಂಡರೆ ಬಣ್ಣದ ವ್ಯಾಪ್ತಿ ‘ಲಿಮಿಟೆಡ್’ ಮತ್ತು ‘ಫುಲ್’ ನಡುವೆ ಹೊಂದಿಕೆ ತಪ್ಪಿದೆ, ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲೂ ಟಿವಿಯಲ್ಲೂ ಒಂದೇ ಇಡಿ. ಇವು ಯಾವುವೂ ಅಲ್ಲ, ಕೆಳಗಿನಿಂದ ನೋಡಿದರೆ ಬಣ್ಣ ತಿರುಗಿಬೀಳುತ್ತದೆ ಎಂದರೆ ಅದು ಟಿಎನ್ ಎಂಬ ಅಗ್ಗದ ಬಗೆಯ ಪ್ಯಾನೆಲ್‌ನ ಹುಟ್ಟುಗುಣ. ಯಾವ ಸೆಟ್ಟಿಂಗೂ ಅದನ್ನು ತಿದ್ದಲಾರದು.

ದೊಡ್ಡ 4ಕೆ ಟಿವಿಗೆ ಜೋಡಿಸಿದಾಗ ಮೌಸ್ ಎಳೆದಾಡಿದಂತೆ ಅನಿಸಿದರೆ ‘ಅಡ್ವಾನ್ಸ್ಡ್ ಡಿಸ್ಪ್ಲೇ’ಯಲ್ಲಿ ರಿಫ್ರೆಶ್ ರೇಟ್ ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ 1.4 ಕಿಂಡಿಯಿಂದ 4ಕೆಗೆ 30 ಹರ್ಟ್ಸ್ ಮಾತ್ರ ಬರುತ್ತದೆ. ಲ್ಯಾಪ್‌ಟಾಪ್ ಕೆಟ್ಟಿಲ್ಲ, ರೆಸಲ್ಯೂಷನ್ 1080ಕ್ಕೆ ಇಳಿಸಿದರೆ 60 ಸಿಗುತ್ತದೆ. ಟಿವಿಗೆ ಇದು ಸರಿಹೋಗುತ್ತದೆ. 120 ಅಥವಾ 144 ಹರ್ಟ್ಸ್ ಪ್ಯಾನೆಲ್‌ಗೆ ಹಣ ಕೊಟ್ಟವರೂ ಇದೇ ಪುಟವನ್ನೊಮ್ಮೆ ನೋಡಲಿ, 60ರಲ್ಲೇ ಕೂತಿರುವುದು ಅಪರೂಪವಲ್ಲ.

ಅಂಗಡಿಗೆ ಒಯ್ಯಬೇಕಾದರೆ

ಪ್ಯಾನೆಲ್ಲೇ ಹೋಗಿದೆಯೆಂದು ಖಚಿತವಾದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಲ್ಯಾಪ್‌ಟಾಪ್ ಮಾದರಿಯ ಹೆಸರೊಂದನ್ನೇ ಹೇಳಿ ಪ್ಯಾನೆಲ್ ಕೇಳಬೇಡಿ. ಒಂದೇ ಮಾದರಿಯೊಳಗೆ ಬೇರೆ ಬೇರೆ ಪ್ಯಾನೆಲ್‌ಗಳು ಬಂದಿರುತ್ತವೆ. ಹಳೆಯ ಪ್ಯಾನೆಲ್‌ನ ಹಿಂಬದಿಯ ಚೀಟಿಯಲ್ಲಿರುವ ಸಂಖ್ಯೆಯ ಫೋಟೊ ತೆಗೆಸಿಕೊಳ್ಳಿ, ಕನೆಕ್ಟರ್ 30 ಪಿನ್ನಿನದೋ 40 ಪಿನ್ನಿನದೋ ಕೇಳಿ. ಟಿಎನ್ ಇದ್ದ ಜಾಗಕ್ಕೆ ಅದೇ ಕನೆಕ್ಟರ್‌ನ, ಓರೆಯಿಂದ ನೋಡಿದರೂ ಬಣ್ಣ ತಿರುಗಿಬೀಳದ ಐಪಿಎಸ್ ಪ್ಯಾನೆಲ್ ಸಿಗುವುದಾದರೆ ಸ್ವಲ್ಪ ಹೆಚ್ಚು ಕೊಟ್ಟು ಅದನ್ನೇ ಹಾಕಿಸಿ.

ದೂರಿನ ಚೀಟಿಯಲ್ಲಿ ‘ಸ್ಲೋ’, ‘ಡಿಸ್ಪ್ಲೇ ಪ್ರಾಬ್ಲಂ’ ಎಂದು ಬರೆಸಿ ಬರಬೇಡಿ. ‘ಚಾರ್ಜರ್ ಇದ್ದಾಗ 0.79 ಗಿಗಾಹರ್ಟ್ಸ್, ತೆಗೆದಾಗ 2.5’, ‘ಹೊರ ಮಾನಿಟರ್‌ನಲ್ಲಿ ಸರಿ, ಪರದೆ ಬಾಗಿಸಿದಾಗ ಮಿನುಗು’ ಎಂದು ಬರೆಸಿ. ಬದಲಿಸಿದ ಹಳೆಯ ಭಾಗವನ್ನು ವಾಪಸು ಕೇಳಿ. ಪ್ಯಾನೆಲ್ ಬದಲಿಸಿದ ಲ್ಯಾಪ್‌ಟಾಪ್ ಕೈಗೆ ಬಂದಾಗ ಅಲ್ಲೇ ಕೂತು ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಪರದೆ ತುಂಬ ತೆರೆದು ಸತ್ತ ಚುಕ್ಕಿಗಳಿವೆಯೇ ನೋಡಿ, ಬೆಳಕನ್ನು ತೀರಾ ಕೆಳಕ್ಕೂ ತೀರಾ ಮೇಲಕ್ಕೂ ಒಯ್ದು ನೋಡಿ, ಪರದೆಯನ್ನು ಕೆಲವು ಸಲ ಮುಚ್ಚಿ ತೆರೆದು, ಕ್ಯಾಮೆರಾ ಮತ್ತು ಮೈಕ್ ಕೆಲಸ ಮಾಡುತ್ತಿವೆಯೇ ಪರೀಕ್ಷಿಸಿ. ಅವುಗಳ ವೈರ್‌ಗಳೂ ಅದೇ ಹಿಂಜ್ ಮೂಲಕ ಹಾದುಹೋಗುತ್ತವೆ.